ದೇವರ ಮೇಲೆ ಭಾರ ಹಾಕು ಅಂತಾರೆ. ನೀವು ಹೇಗೆ ಹಾಕಿದಿರಿ?

ಕೇಳಿದವರು: ಚಿತ್ರದುರ್ಗ ಜಿಲ್ಲೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ ಉಪದೇಶ ಬೇಡ, ಅನುಭವ ಬೇಕು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಯಜಮಾನರಿಗೆ 42 ವರ್ಷ. ಗಾರೆ ಮೇಸ್ತ್ರಿ. ಹೋದ ದೀಪಾವಳಿ ಹೊತ್ತಿಗೆ ಕಾಲು ಊದಿಕೊಂಡಿತು, ಊಟ ಸೇರುತ್ತಿರಲಿಲ್ಲ. ಸುಸ್ತು ಅಂದುಕೊಂಡು ತೋರಿಸಿದರೆ ಎರಡೂ ಕಿಡ್ನಿ ಹೋಗಿವೆ ಅಂದರು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೆಲಸ ಬಿಟ್ಟಿದ್ದಾರೆ. ನಾನು ಹೊಲಿಗೆ ಹಾಕುತ್ತೇನೆ. ಮಗಳು ಎಸ್ಸೆಸ್ಸೆಲ್ಸಿ.

ಮನೆಗೆ ಬಂದವರೆಲ್ಲ ಹೋಗುವಾಗ ಒಂದೇ ಮಾತು ಹೇಳುತ್ತಾರೆ. "ದೇವರ ಮೇಲೆ ಭಾರ ಹಾಕಮ್ಮ, ಅವನು ನೋಡ್ಕೋತಾನೆ." ನಾನು ದೇವರನ್ನು ನಂಬುವವಳೇ. ಆದರೆ ಭಾರ ಹಾಕಲು ಏನು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಅವರ ಉಸಿರು ಕೇಳಿಸಿಕೊಳ್ಳುತ್ತಾ ಮಲಗಿರುತ್ತೇನೆ. ಬೆಳಿಗ್ಗೆ ದೇವರ ಮುಂದೆ ಕೂತರೆ ಕೈ ಮುಗಿಯುವ ಮೊದಲು ಸಿಟ್ಟು ಬರುತ್ತದೆ. ದೇವರ ಮೇಲೇ ಸಿಟ್ಟು ಮಾಡಿಕೊಂಡೆನಲ್ಲ, ಇದರಿಂದ ಇನ್ನೇನು ಕೇಡು ಕಾದಿದೆಯೋ ಅಂತ ಆಮೇಲೆ ಹೆದರಿಕೆ. ಅತ್ತೆ ಒಂದಾದ ಮೇಲೊಂದು ಹರಕೆ ಹೊರುತ್ತಿದ್ದಾರೆ. ಬೇಡ ಅನ್ನುವುದಕ್ಕೂ ಆಗಲ್ಲ, ತೀರಿಸುವುದಕ್ಕೆ ದುಡ್ಡೂ ಇಲ್ಲ.

ಇಂಥ ಕಷ್ಟದಲ್ಲಿ ದೇವರನ್ನು ನಂಬಿ ದಿನ ದೂಡಿದವರು, ದೂಡುತ್ತಿರುವವರು ಯಾರಾದರೂ ಇದ್ದರೆ ಹೇಳಿ. ನೀವು ದಿನಾ ಏನು ಮಾಡುತ್ತಿದ್ದಿರಿ?

ಶಿವಮೊಗ್ಗದಿಂದ, ಅಂಗನವಾಡಿ ಕಾರ್ಯಕರ್ತೆ

ತಂಗೀ, ನೀವು ಈಗ ಕಾಲಿಟ್ಟಿರುವ ದಾರಿಯಲ್ಲಿ ನಾನು ಒಂದಷ್ಟು ದೂರ ಬಂದಿದ್ದೇನೆ. ನಮ್ಮನೆಯವರಿಗೂ ಡಯಾಲಿಸಿಸ್. ವರ್ಷಗಳೇ ಆದವು. ಪವಾಡ ಏನೂ ನಡೆದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈಗಲೂ ವಾರಕ್ಕೆ ಮೂರು ಸಲ ಹೋಗುತ್ತೇವೆ. ಆದರೆ ನಾನು ರಾತ್ರಿ ನಿದ್ದೆ ಮಾಡುತ್ತೇನೆ. ನಿಮಗೆ ಬೇಕಾಗಿರುವುದು ಅದೇ ಅಲ್ವಾ?

ಡಯಾಲಿಸಿಸ್ ಅಂದರೆ ಒಂದು ಸಲಕ್ಕೆ ನಾಲ್ಕು ಗಂಟೆ. ಒಳಗೆ ಅವರು, ಹೊರಗೆ ನಾವು. ಆ ಹೊರಗಿನ ಬೆಂಚಿನಲ್ಲಿ ನಾನು ಕಲಿತಷ್ಟು ಯಾವ ದೇವಸ್ಥಾನದಲ್ಲೂ ಕಲಿತಿಲ್ಲ. ಅಲ್ಲಿಗೆ ಒಬ್ಬ ಅಜ್ಜಿ ಮಗನನ್ನು ಕರೆದುಕೊಂಡು ಬರುತ್ತಿದ್ದರು. ಬೆಳಿಗ್ಗೆ ಮೊದಲ ಶಿಫ್ಟು, ಆರೂವರೆಗೆಲ್ಲ ಬಂದುಬಿಡಬೇಕು. ಮನೆಯಲ್ಲಿ ಪೂಜೆಗೆ ಹೊತ್ತು ಸಾಲುತ್ತಿರಲಿಲ್ಲ. ಹಾಗಾಗಿ ಮಗನನ್ನು ಒಳಗೆ ಕಳಿಸಿ, ನಲ್ಲಿಯಲ್ಲಿ ಕೈಕಾಲು ತೊಳೆದು, ಮೂಲೆಯ ಬೆಂಚಿನಲ್ಲಿ ಕೂತು ಕೊರಳಿನ ಕರಡಿಗೆ ಬಿಚ್ಚುತ್ತಿದ್ದರು. ಎಡಗೈ ಮೇಲೆ ಲಿಂಗ. ಸೆರಗಿನ ಗಂಟಿನಲ್ಲಿ ವಿಭೂತಿ. ಸುತ್ತ ಜನ ಓಡಾಡುತ್ತಿದ್ದರೂ, ಸ್ಟ್ರೆಚರ್ ಹೋದರೂ ಕಣ್ಣು ಕದಲುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಸಿ, ಲಿಂಗ ಕಟ್ಟಿಕೊಂಡು, ಡಬ್ಬಿಯಿಂದ ರೊಟ್ಟಿ ತೆಗೆದು ಪಕ್ಕದವರಿಗೂ ಕೊಡುತ್ತಿದ್ದರು.

ಒಂದಿನ ಕೇಳಿದೆ. "ಅಜ್ಜೀ, ದೇವರ ಹತ್ರ ಏನು ಬೇಡ್ಕೊಂಡ್ರಿ?" "ಸೂಜಿ ಚುಚ್ಚೋ ಹುಡುಗಿಗೆ ಒಂದೇ ಸಲಕ್ಕೆ ನರ ಸಿಗಲಿ ಅಂತ" ಅಂದರು. ಅಷ್ಟೇನಾ ಅಂದೆ. "ಇವತ್ತಿಗೆ ಅಷ್ಟು ಸಾಕಲ್ಲವಾ? ನಾಳೆದು ನಾಳೆ ಕೇಳಿದರಾಯ್ತು, ಅವನೇನು ಬಾಗಿಲು ಹಾಕ್ಕೊಂಡು ಹೋಗ್ತಾನಾ?"

ನನಗೆ ಆ ಅಳತೆ ಸರಿ ಕಂಡಿತು. ನಮ್ಮನೆಯವರು ಇನ್ನೆಷ್ಟು ವರ್ಷ ಇರುತ್ತಾರೆ, ಮಕ್ಕಳ ಮದುವೆ ನೋಡುತ್ತಾರಾ, ಇವೆಲ್ಲ ನಾನು ಲೆಕ್ಕ ಹಾಕಿ ತೀರ್ಮಾನ ಮಾಡುವ ವಿಷಯ ಅಲ್ಲ. ಆ ಖಾತೆ ಪೂರ್ತಿ ಅವನದು. ನನ್ನ ಖಾತೆಯಲ್ಲಿರುವುದು ಇವತ್ತಿನ ನೀರು, ಇವತ್ತಿನ ಉಪ್ಪು, ಇವತ್ತಿನ ಮಾತ್ರೆ.

ನನ್ನ ದಿನ ಹೇಗೆ ಶುರುವಾಗುತ್ತದೆ ಹೇಳುತ್ತೇನೆ. ಎದ್ದ ಕೂಡಲೇ ಅವರ ಎಡಗೈ ಮುಟ್ಟುತ್ತೇನೆ. ಫಿಸ್ಟುಲಾ ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿರುವುದು. ಆ ಜಾಗದಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಝುಂ ಅಂತ ರಕ್ತ ಓಡುವುದು ಗೊತ್ತಾಗುತ್ತದೆ. ಅದಿದ್ದರೆ ದಾರಿ ತೆರೆದಿದೆ ಅಂತ ಅರ್ಥ. "ಅಪ್ಪಾ, ಇವತ್ತೂ ಓಡಿಸ್ತಾ ಇದ್ದೀಯಲ್ಲ" ಅನ್ನುತ್ತೇನೆ. ನನ್ನ ದೊಡ್ಡ ಪ್ರಾರ್ಥನೆ ಅದೇ. ದೀಪ ಹಚ್ಚುವುದು ಆಮೇಲೆ. ನಿಮ್ಮವರಿಗೂ ಫಿಸ್ಟುಲಾ ಆಗಿದ್ದರೆ ಇದನ್ನು ರೂಢಿ ಮಾಡಿಕೊಳ್ಳಿ. ಆ ಝುಂ ನಿಂತಿದೆ ಅನಿಸಿದರೆ ಪೂಜೆ ಮುಗಿಸಿ ಹೋಗೋಣ ಅಂತ ಕೂರಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಆ ಕೈಯಲ್ಲಿ ಬಿಪಿ ನೋಡಿಸಬಾರದು, ಭಾರ ಎತ್ತಿಸಬಾರದು, ಅದನ್ನು ಅಡಿಗೆ ಹಾಕಿಕೊಂಡು ಮಲಗಲೂ ಬಾರದು.

ವಾರದಲ್ಲಿ ಒಂದು ಕಡೆ ಎರಡು ದಿನದ ಗ್ಯಾಪ್ ಬರುತ್ತದಲ್ಲ, ಅದು ಗಟ್ಟಿಯಾಗಿರಬೇಕಾದ ಸಮಯ. ನೀರು, ಪೊಟ್ಯಾಸಿಯಂ ಎಲ್ಲ ಮೈಯಲ್ಲಿ ಸೇರಿಕೊಳ್ಳುವುದು ಆಗಲೇ. ನಮ್ಮ ಮನೆಯಲ್ಲಿ ನೆಂಟರು ಬರುವುದೂ ಆ ಭಾನುವಾರವೇ. ದೇವರನ್ನು ನಂಬುತ್ತೇನೆ, ನೆಂಟರನ್ನು ನಂಬುವುದಿಲ್ಲ. ಅವರು ತಂದ ಎಳನೀರು ಮಕ್ಕಳಿಗೆ ಕೊಟ್ಟುಬಿಡುತ್ತೇನೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿಯವರಿಗೆ ಕೂಡದು.

ಹುಬ್ಬಳ್ಳಿಯಿಂದ, ಗ್ಯಾರೇಜ್ ಸಾಮಾನಿನ ಅಂಗಡಿಯವರು

ಸಹೋದರಿ, ನಾನು ಮುಸ್ಲಿಂ. ದೇವರ ಮೇಲೆ ಭಾರ ಹಾಕುವುದಕ್ಕೆ ನಮ್ಮಲ್ಲಿ ತವಕ್ಕುಲ್ ಅನ್ನುತ್ತೇವೆ. ಚಿಕ್ಕವರಿದ್ದಾಗ ಮದರಸಾದಲ್ಲಿ ಉಸ್ತಾದರು ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಹೇಳುತ್ತಿದ್ದರು. ಒಬ್ಬ ಬಂದು ಪ್ರವಾದಿಯವರನ್ನು ಕೇಳಿದನಂತೆ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ? ಕಟ್ಟು, ಆಮೇಲೆ ಭರವಸೆ ಇಡು ಅಂದರಂತೆ. ಎಲ್ಲರೂ ಹೇಳುವ ಕಥೆ, ನೀವೂ ಕೇಳಿರಬಹುದು.

ನನಗೆ ಅದು ಅರ್ಥವಾದದ್ದು ಅಂಗಡಿ ಮುಳುಗಿದಾಗ. ಪಾಲುದಾರ ಕೈಕೊಟ್ಟ. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಕೂಗಾಡುತ್ತಿದ್ದರು. ಐದು ಹೊತ್ತು ನಮಾಜು ಬಿಡುತ್ತಿರಲಿಲ್ಲ, ಆದರೆ ಫೋನ್ ಬಂದರೆ ಎತ್ತುತ್ತಿರಲಿಲ್ಲ. ನಮ್ಮ ಅಬ್ಬಾ ಒಂದಿನ ನೋಡಿ ಅಂದರು, "ಅಲ್ಲಾಹನ ಮುಂದೆ ನಿಲ್ಲೋಕೆ ಧೈರ್ಯ ಇರೋನು ಸಾಲ ಕೊಟ್ಟೋನ ಮುಂದೆ ನಿಲ್ಲೋಕೆ ಹೆದರ್ತಾನಾ?" ಆ ಮಧ್ಯಾಹ್ನವೇ ಯಾರ್ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದೆ. ಒಬ್ಬೊಬ್ಬರ ಹತ್ತಿರವೂ ಹೋಗಿ ಕೂತು ಕಂತು ಮಾತಾಡಿದೆ. ಇಬ್ಬರು ಬೈದರು. ಉಳಿದವರು ಚಹಾ ಕೊಟ್ಟರು. ರಾತ್ರಿ ಇಶಾ ನಮಾಜಿಗೆ ನಿಂತಾಗ ತಲೆಯಲ್ಲಿ ಸದ್ದಿರಲಿಲ್ಲ.

ಅಳು ಬಂದರೆ ಅಳಿ. ಪ್ರವಾದಿಯವರು ತಮ್ಮ ಪುಟ್ಟ ಮಗ ಇಬ್ರಾಹೀಂ ತೀರಿಕೊಂಡಾಗ ಕಣ್ಣೀರು ಹಾಕಿದ್ದಾರೆ. ಕಣ್ಣು ತುಂಬುತ್ತದೆ, ಎದೆ ನೋಯುತ್ತದೆ, ಆದರೆ ಒಡೆಯನಿಗೆ ಒಪ್ಪದ ಮಾತು ಆಡುವುದಿಲ್ಲ ಅಂದರು. ನಂಬಿಕೆ ಇರುವವರು ಅಳಬಾರದು ಅಂತ ಯಾರಾದರೂ ಹೇಳಿದರೆ ನಗುತ್ತಾ ಬಿಟ್ಟುಬಿಡಿ.

ಖರ್ಚಿನ ವಿಷಯ ಒಂದು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತ. ಕೇಂದ್ರದ ಡಯಾಲಿಸಿಸ್ ಯೋಜನೆ 2016ರಿಂದ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮಾಡಿಸಿಲ್ಲ ಅಂದರೆ ನಾಳೆಯೇ ಮಾಡಿಸಿ. ಒಂಟೆ ಕಟ್ಟುವುದು ಅಂದರೆ ಇದೇ.

ಬೆಂಗಳೂರಿನಿಂದ, ಸಾಫ್ಟ್‌ವೇರ್ ಕೆಲಸದವನು

ನಾನು ನಂಬುವವನಲ್ಲ. ಕೇಳಿದ್ದು ನಂಬುವವರನ್ನು, ಗೊತ್ತು. ಆದರೂ ಒಂದು ಮಾತು ಹೇಳಬೇಕು ಅನಿಸಿತು, ಅಕ್ಕ.

ನಮ್ಮಪ್ಪನಿಗೆ ಕ್ಯಾನ್ಸರ್ ಆಗಿತ್ತು. ನೋಡಲು ಬಂದವರಲ್ಲಿ ಒಬ್ಬರು ಹಾಸಿಗೆ ಪಕ್ಕದಲ್ಲೇ ಕೂತು "ಹಿಂದಿನ ಜನ್ಮದ್ದು, ಅನುಭವಿಸಿಯೇ ತೀರಬೇಕು" ಅಂದರು. ಅಪ್ಪ ಜೀವಮಾನದಲ್ಲಿ ಒಬ್ಬರಿಗೂ ಕೆಟ್ಟದ್ದು ಮಾಡಿದವರಲ್ಲ. ಆ ಮಾತು ಕೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಇನ್ನೊಬ್ಬರು ಶಾಂತಿ ಮಾಡಿಸಿ ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಸ್ಕ್ಯಾನಿಗೆ ಎತ್ತಿಟ್ಟ ದುಡ್ಡಿನ ಮೇಲೆ ಎಲ್ಲರ ಕಣ್ಣು. ನಂಬಿಕೆಯ ಹೆಸರಿನಲ್ಲಿ ಇಷ್ಟು ನಡೆಯುತ್ತದೆ, ಅದನ್ನೂ ಯಾರಾದರೂ ಹೇಳಬೇಕಲ್ಲ. ನಿಮ್ಮ ಮನೆಗೂ ಇಂಥವರು ಬರುತ್ತಾರೆ. ಬಾಗಿಲಲ್ಲೇ ತಡೆಯಿರಿ. ರೋಗಿಯ ಕಿವಿಗೆ ಬೀಳಲು ಬಿಡಬೇಡಿ.

ಆದರೆ ಅಮ್ಮನ ವಿಷಯ ಬೇರೆ. ಅಪ್ಪ ಹೋದರು. ಹದಿಮೂರು ದಿನ ಕಳೆದ ಮೇಲೆ ಅಮ್ಮ ಮತ್ತೆ ಸಂಜೆ ದೀಪ ಹಚ್ಚತೊಡಗಿದರು. ನನಗೆ ಕೋಪ ಬಂತು. "ಇಷ್ಟು ಬೇಡಿಕೊಂಡೆ, ಕೊಟ್ಟನಾ?" ಅಂತ ಕೇಳಿಬಿಟ್ಟೆ. ಅಮ್ಮ ಬತ್ತಿ ಸರಿ ಮಾಡುತ್ತಾ, "ಕೊಟ್ರೆ ಮಾತ್ರ ಹಚ್ತೀನಿ ಅಂತ ನಾನು ಅವನ ಹತ್ರ ಕರಾರು ಮಾಡ್ಕೊಂಡಿರ್ಲಿಲ್ವಲ್ಲ" ಅಂದರು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ನಾನು ಬದಲಾಗಿಲ್ಲ. ಆದರೆ ಆ ವರ್ಷ ಮನೆಯಲ್ಲಿ ನೆಟ್ಟಗೆ ನಿಂತಿದ್ದವರು ಅಮ್ಮ ಒಬ್ಬರೇ. ಅದು ಕಣ್ಣಾರೆ ಕಂಡದ್ದು.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ಮೇಲೆ ಬರೆದ ಹುಡುಗನ ಸಿಟ್ಟು ನ್ಯಾಯವಾದದ್ದೇ. ಕರ್ಮದ ಲೆಕ್ಕ ಬೇರೆಯವರ ಹಾಸಿಗೆ ಪಕ್ಕ ಕೂತು ಹೇಳುವಂಥದ್ದಲ್ಲ. ಹೇಳುವವರಿಗೆ ಯಾರು ತೋರಿಸಿದರಂತೆ ಆ ಕಡತ?

ಈಗ ನಿನ್ನ ವಿಷಯ, ಮಗೂ. ದೇವರ ಮೇಲೆ ಸಿಟ್ಟು ಬಂತು ಅಂತ ಹೆದರಿದ್ದೀಯಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಹಾಕು. ನಮ್ಮ ದಾಸರು ದೇವರನ್ನು ಬೈದದ್ದಕ್ಕೆ ನಿಂದಾಸ್ತುತಿ ಅಂತ ಒಂದು ಬಗೆಯೇ ಇದೆ. ನೀನು ಕಳ್ಳ, ನೀನು ಸಾಲಗಾರ, ಕೊಟ್ಟ ಮಾತು ಉಳಿಸಿಕೊಳ್ಳದವನು ಅಂತ ಎದುರಿಗೇ ಹೇಳಿದ್ದಾರೆ. ನಮ್ಮ ಭಜನಾ ಮಂಡಳಿಯಲ್ಲಿ ಅವನ್ನು ತಾಳ ಹಾಕಿ ಹಾಡುತ್ತೇವೆ. ಒಬ್ಬರಿಗೂ ಕೇಡಾಗಿಲ್ಲ. ಜಗಳ ಆಡುವುದು ನಮ್ಮವರ ಹತ್ತಿರವೇ ತಾನೇ? ದೇವರ ಮನೆಯಲ್ಲಿ ಕೂತು, ಬಾಗಿಲು ಮುಂದೆ ಮಾಡಿಕೊಂಡು, ಬಾಯಿಬಿಟ್ಟು ಬೈಯಿ. ನಾನೂ ಮಾಡಿದ್ದೇನೆ. ನನ್ನ ದೊಡ್ಡ ಮಗ ಅಪಘಾತದಲ್ಲಿ ಮಲಗಿದ್ದಾಗ ಶ್ರೀಕಂಠೇಶ್ವರನಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಜೇಂದ್ರನ ಕಥೆ ನಾವೆಲ್ಲ ಕೇಳಿದ್ದೇವೆ. ಆನೆ ಕೂಗಿತು, ಹರಿ ಬಂದ, ಅಷ್ಟೇ ನೆನಪಿರುತ್ತದೆ. ಆದರೆ ಭಾಗವತದಲ್ಲಿ ಕೂಗುವ ಮೊದಲು ಸಾವಿರ ವರ್ಷ ಅದು ಮೊಸಳೆಯ ಜೊತೆ ತಾನೇ ಸೆಣಸಿದೆ. ಜೊತೆಯ ಆನೆಗಳೂ ಎಳೆದಿವೆ. ಯಾರೂ ಅದಕ್ಕೆ "ಸುಮ್ನೆ ನಿಂತ್ಕೋ, ಬರ್ತಾನೆ" ಅನ್ನಲಿಲ್ಲ.

ಅತ್ತೆಯ ಹರಕೆ ಬಗ್ಗೆ. ಜಗಳ ಮಾಡಬೇಡ. ಮಗ ಕಣ್ಣೆದುರು ಸೊರಗುವಾಗ ವಯಸ್ಸಾದ ತಾಯಿಗೆ ಮಾಡಲು ಬೇರೇನೂ ಇರುವುದಿಲ್ಲ. ಹರಕೆ ಹೊತ್ತಾಗ ಅವರಿಗೂ ಏನೋ ಮಾಡಿದೆ ಅನಿಸುತ್ತದೆ. ಒಂದು ಉಪಾಯ ಹೇಳುತ್ತೇನೆ. ಮುಡಿಪು ಕಟ್ಟಿಸು. ಅರಿಶಿನದ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಡಲಿ. ಇನ್ನು ಏನು ಹರಕೆ ನೆನಪಾದರೂ ಅದೇ ಗಂಟಿಗೆ ಒಂದೊಂದು ರೂಪಾಯಿ ಸೇರಿಸಲಿ. ತೀರಿಸುವುದು ಅನುಕೂಲ ಆದಾಗ. ದೇವರು ಬಡ್ಡಿ ಹಾಕುವುದಿಲ್ಲ. ನಮ್ಮ ಕಡೆ ಧರ್ಮಸ್ಥಳಕ್ಕೆ, ತಿರುಪತಿಗೆ ಕಟ್ಟಿದ ಮುಡಿಪು ವರ್ಷಗಟ್ಟಲೆ ಗೂಡಿನಲ್ಲಿ ಕಾದದ್ದಿದೆ.

ಆದರೆ ಒಂದು ಗೆರೆ ಎಳೆ. ಸಾಲ ಮಾಡಿ ಹರಕೆ ಇಲ್ಲ. ಚಿಕಿತ್ಸೆ ನಿಲ್ಲಿಸಿ ಹರಕೆ ಇಲ್ಲ. "ಡಯಾಲಿಸಿಸ್ ಬಿಟ್ಟು ನಮ್ಮ ಕಷಾಯ ಕುಡೀರಿ, ಕಿಡ್ನಿ ವಾಪಸ್ ಬರುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ದೇವರ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಹೇಳುತ್ತಾರೆ. ಅಲ್ಲಿ ಮಾತ್ರ ಅತ್ತೆ ಬೇಜಾರು ಮಾಡಿಕೊಂಡರೂ ಸೈ, ಬಗ್ಗಬೇಡ.

ಗದಗದಿಂದ, ರೈತ

ಅಕ್ಕಾವ್ರೇ, ನಮ್ಮದು ರೋಗದ ಕಥೆ ಅಲ್ಲ, ಮಳೆಯ ಕಥೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ನಮ್ಮದೂ ಅದರಲ್ಲಿ ಒಂದು. ಜೂನ್ ತಿಂಗಳೆಲ್ಲ ಆಕಾಶ ನೋಡಿದ್ದೇ ಬಂತು. ಹೆಸರುಕಾಳಿನ ಬೆಳೆ ಕೈಗೆ ಹತ್ತಲಿಲ್ಲ.

ಮಳೆ ಬರಲಿ ಅಂತ ಊರಲ್ಲಿ ಗುರ್ಜಿ ಪೂಜೆ ಮಾಡಿದೆವು. ಹುಡುಗನ ತಲೆ ಮೇಲೆ ಹಂಚು, ಹಂಚಿನ ಮೇಲೆ ಗುರ್ಜಿಯ ಮೂರ್ತಿ. ಮನೆಮನೆ ಮುಂದೆ ನಿಂತರೆ ಹೆಣ್ಣುಮಕ್ಕಳು ತಂಬಿಗೆ ನೀರು ತಂದು ಸುರಿಯುತ್ತಾರೆ, ಹಿಟ್ಟು ಕಾಳು ಕೊಡುತ್ತಾರೆ. ಕುಡಿಯಲಿಕ್ಕೇ ನೀರಿಲ್ಲದ ವರ್ಷ. ಆದರೂ ಒಬ್ಬರೂ ತಂಬಿಗೆ ಅರ್ಧ ಮಾಡಲಿಲ್ಲ. ಆಮೇಲೆ ಎಲ್ಲರೂ ಕೂಡಿ ಅಡುಗೆ ಮಾಡಿ ಉಂಡೆವು. ಮಳೆ ಬಂತಾ ಅಂತ ಕೇಳಿದರೆ, ಇಲ್ಲ. ಆದರೆ ಮನೆಯೊಳಗೆ ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಕೂತಿದ್ದವರು ಅವತ್ತು ಹೊರಗೆ ಬಂದೆವು. ಯಾರ ಮನೆಯಲ್ಲಿ ಜೋಳ ತೀರಿದೆ ಅಂತ ಪಂಕ್ತಿಯಲ್ಲಿ ಗೊತ್ತಾಯಿತು. ಮರುದಿನ ಅವರ ಮನೆಗೆ ಚೀಲ ಹೋಯಿತು.

ನಾನು ಪ್ರತಿ ವರ್ಷ ಕೂರಿಗೆಗೆ ಪೂಜೆ ಮಾಡಿಯೇ ಬಿತ್ತುತ್ತೇನೆ. ಬೆಳೆ ವಿಮೆಯನ್ನೂ ಕಟ್ಟುತ್ತೇನೆ. ಮುಂಗಾರಿಗೆ ವಿಮಾ ಮೊತ್ತದ ನೂರಕ್ಕೆ ಎರಡು ರೂಪಾಯಿ ನಮ್ಮ ಪಾಲು. "ದೇವರ ಮೇಲೆ ನಂಬಿಕೆ ಇಲ್ಲೇನು?" ಅಂತ ನಮ್ಮ ಕಾಕಾ ಅಣಕಿಸುತ್ತಾರೆ. ಇದೆ ಕಾಕಾ, ಅದಕ್ಕೇ ಬಿತ್ತುತ್ತೇನೆ ಅನ್ನುತ್ತೇನೆ. ನೂರು ರೂಪಾಯಿ ಬೀಜ ಮಣ್ಣಿಗೆ ಹಾಕಿ ಮೇಲೆ ನೋಡುವವನಿಗಿಂತ ಜಾಸ್ತಿ ನಂಬುವವರು ಯಾರಿದ್ದಾರೆ?

ನಿಮಗೆ ಹೇಳುವುದು ಇಷ್ಟೇ. ಒಬ್ಬರೇ ಕೂರಬೇಡಿ. ದೇವರು ಸಹಾಯ ಕಳಿಸಿದರೂ ಯಾರದೋ ಕೈಯಲ್ಲೇ ಕಳಿಸಬೇಕು. ಬಾಗಿಲು ತೆರೆದಿರಲಿ.

ಕುವೈತ್‌ನಿಂದ, ಮಂಗಳೂರಿನ ನರ್ಸ್

ನಾನು ಡಯಾಲಿಸಿಸ್ ಯೂನಿಟ್ಟಿನಲ್ಲೇ ಕೆಲಸ ಮಾಡುವವಳು. ಶಿವಮೊಗ್ಗದ ಅಕ್ಕ ಬರೆದ ಅಜ್ಜಿಯ ಪ್ರಾರ್ಥನೆ ಓದಿ ನಗು ಬಂತು, ಕಣ್ಣೂ ತುಂಬಿತು. ಒಂದೇ ಸಲಕ್ಕೆ ನರ ಸಿಗಲಿ ಅಂತ ಸೂಜಿ ಹಿಡಿದ ನಾವೂ ದಿನಾ ಬೇಡಿಕೊಳ್ಳುತ್ತೇವೆ. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡೇ ಚುಚ್ಚುವುದು. ನನ್ನ ಪಕ್ಕದ ಬೆಡ್ಡಿನ ಸಹೋದ್ಯೋಗಿ ಬಿಸ್ಮಿಲ್ಲಾ ಅನ್ನುತ್ತಾಳೆ.

ನಾವು ಕ್ಯಾಥೊಲಿಕರು ದಿನಾ "ನಿಮ್ಮ ಚಿತ್ತ ನೆರವೇರಲಿ" ಅಂತ ಪ್ರಾರ್ಥಿಸುತ್ತೇವೆ. ಬಾಯಿಪಾಠ, ಹೇಳಲು ಸುಲಭ. ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಅದನ್ನು ನೇರವಾಗಿ ಹೇಳಲಿಲ್ಲ. ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಮೊದಲು ಕೇಳಿಕೊಂಡರು. ಜೊತೆಗೆ ಇರಿ ಅಂತ ಶಿಷ್ಯರನ್ನೂ ಕರೆದಿದ್ದರು. ಅವರು ನಿದ್ದೆ ಹೋದರು. ನನ್ನ ತಮ್ಮ ಸಮುದ್ರದಲ್ಲಿ ತೀರಿಕೊಂಡ ವರ್ಷ ನನಗೆ ಆ ಭಾಗ ಒಂದೇ ಓದಲು ಆಗುತ್ತಿತ್ತು. ಬೇಡ ಅಂತ ಹೇಳುವುದೂ ಪ್ರಾರ್ಥನೆಯೇ. ಒಪ್ಪಿಕೊಳ್ಳುವುದು ಆಮೇಲೆ ಬರುತ್ತದೆ, ಕೆಲವರಿಗೆ ಬಹಳ ತಡವಾಗಿ. ಬರಲಿಲ್ಲ ಅಂತ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ನರ್ಸ್ ಆಗಿ ಇನ್ನೊಂದು. ನೀವು ರೋಗಿಯ ಬಗ್ಗೆ ಎಲ್ಲ ಬರೆದಿದ್ದೀರಿ, ನಿಮ್ಮ ಬಗ್ಗೆ ಎರಡೇ ಸಾಲು. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ, ಸಿಟ್ಟು, ಹೆದರಿಕೆ. ಇದು ನಂಬಿಕೆ ಕಮ್ಮಿ ಆದದ್ದಲ್ಲ, ದಣಿವು. ರೋಗಿಯನ್ನು ನೋಡಿಕೊಳ್ಳುವವರಿಗೆ ಇದು ಬರುವುದು ನಮಗೆಲ್ಲ ಗೊತ್ತಿರುವ ವಿಷಯ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗಲೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದೇವರ ಹತ್ತಿರ ಹೇಳಿಕೊಳ್ಳುವುದು ಬೇರೆ, ತಿರುಗಿ ಮಾತಾಡುವ ಮನುಷ್ಯರ ಹತ್ತಿರ ಹೇಳಿಕೊಳ್ಳುವುದು ಬೇರೆ. ಎರಡೂ ಬೇಕು.

ಕಿಡ್ನಿ ಕಸಿ, ಅಂದರೆ ಇನ್ನೊಬ್ಬರ ಕಿಡ್ನಿ ಜೋಡಿಸುವುದರ ಬಗ್ಗೆ ಯಾರೂ ಬರೆದಿಲ್ಲ. ನಿಮ್ಮವರಿಗೆ ಬರೀ 42. ಡಾಕ್ಟರನ್ನು ನೀವಾಗಿಯೇ ಕೇಳಿ. ಮನೆಯವರು ಕೊಡುವುದಾದರೆ ಕಾನೂನಿನಲ್ಲಿ ಹತ್ತಿರದ ಬಂಧು ಅಂದರೆ ಗಂಡ ಹೆಂಡತಿ, ಅಪ್ಪ ಅಮ್ಮ, ಒಡಹುಟ್ಟಿದವರು, ಬೆಳೆದ ಮಕ್ಕಳು. ಅಜ್ಜ ಅಜ್ಜಿಯನ್ನೂ ಮೊಮ್ಮಕ್ಕಳನ್ನೂ 2011ರ ತಿದ್ದುಪಡಿಯಲ್ಲಿ ಸೇರಿಸಿದರು. ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಕುಟುಂಬದ ಜೊತೆ ಅದಲುಬದಲು ಮಾಡಿಕೊಳ್ಳುವುದಕ್ಕೂ ಅವಕಾಶ ಇದೆ. ಯಾರೂ ಇಲ್ಲದಿದ್ದರೆ ತೀರಿಕೊಂಡವರ ಅಂಗಾಂಗಕ್ಕೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಹಾಕಿಸಬೇಕು. ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ಹೆಸರು ಹೋಗುತ್ತದೆ. ಹೆಸರು ಹಾಕಿದ ಮೇಲೆ ಸರದಿ ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹೆಸರು ಹಾಕಿಸುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ಕೇಳಿದವರು

ಎಲ್ಲರದ್ದೂ ಓದಿದೆ. ಮಗಳಿಗೂ ಓದಿಸಿದೆ. ಮೈಸೂರಿನ ಅಮ್ಮ ಹೇಳಿದ ಹಾಗೆ ಮುಡಿಪಿನ ಮಾತು ಅತ್ತೆ ಹತ್ತಿರ ತೆಗೆದೆ. ಒಪ್ಪಿದರು. ಹಳೇ ಹರಕೆಗಳನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿ ಒಂದೊಂದು ರೂಪಾಯಿ ಕಟ್ಟಿದರು. ಸಿಟ್ಟು ಇನ್ನೂ ಇದೆ, ಸುಳ್ಳು ಯಾಕೆ ಹೇಳಲಿ. ನಿನ್ನೆ ದೇವರ ಮನೆಯಲ್ಲಿ ಜೋರಾಗಿಯೇ ಬೈದೆ. ಅಡುಗೆ ಮನೆಯಿಂದ ಅತ್ತೆಗೆ ಕೇಳಿಸಿತು. ಏನೂ ಅನ್ನಲಿಲ್ಲ.

ಆಯುಷ್ಮಾನ್ ಕಾರ್ಡ್ ಇದೆ. ಕಸಿ ಬಗ್ಗೆ ಮುಂದಿನ ಸಲ ಹೋದಾಗ ಕೇಳುತ್ತೇನೆ. ಅವರ ತಂಗಿಯೊಬ್ಬರು ಇದ್ದಾರೆ. ಬಾಯಿಬಿಟ್ಟು ಕೇಳುವುದು ಹೇಗೆ ಅಂತ ಯೋಚನೆ.

ಒಂದು ಸಣ್ಣ ಪ್ರಶ್ನೆ. ಅತ್ತೆ ದಿನಾ ದೇವಸ್ಥಾನದಿಂದ ತೀರ್ಥ, ಪಂಚಾಮೃತ ತಂದು ಅವರಿಗೆ ಕುಡಿಸುತ್ತಾರೆ. ಕೆಲವು ದಿನ ಎಳನೀರಿನ ಅಭಿಷೇಕದ್ದೂ ಇರುತ್ತದೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಕೊಡಬಹುದಾ?

ಮಂಗಳೂರಿನ ನರ್ಸ್

ನಾದಿನಿಯನ್ನು ನೀವೇ ಕೇಳಬೇಕು ಅಂತಿಲ್ಲ. ಕಸಿ ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಕೋಆರ್ಡಿನೇಟರ್ ಇರುತ್ತಾರೆ. ಮನೆಯವರನ್ನೆಲ್ಲ ಕೂರಿಸಿ ಅವರೇ ವಿವರ ಹೇಳುತ್ತಾರೆ. ಕೊಡುವವರು ಮನಸಾರೆ ಒಪ್ಪಿಯೇ ಕೊಡಬೇಕು, ಆಗಲ್ಲ ಅನ್ನುವ ಹಕ್ಕು ಅವರಿಗಿದೆ. ಅವರು ಹಾಗೆ ಹೇಳಿದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ತೀರ್ಥಕ್ಕೆ ಬರೋಣ. ಒಂದು ಉದ್ಧರಣೆ ನೀರು ತೊಂದರೆ ಮಾಡುವುದಿಲ್ಲ, ಆದರೆ ಅದೂ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ. ಲೋಟದಲ್ಲಿ ಬೇಡ. ಪಂಚಾಮೃತದಲ್ಲಿ ಬಾಳೆಹಣ್ಣು ಇರುತ್ತದೆ, ಹಾಲು ಮೊಸರು ಇರುತ್ತದೆ. ಪೊಟ್ಯಾಸಿಯಂ, ಫಾಸ್ಫರಸ್ ಎರಡೂ. ತುಟಿಗೆ ಮುಟ್ಟಿಸಿ ಸಾಕು ಮಾಡಿ. ಎಳನೀರಿನದ್ದನ್ನು ತಲೆಗೆ ಪ್ರೋಕ್ಷಿಸಿ, ಬಾಯಿಗೆ ಬೇಡ. ನಮ್ಮೂರ ಕಡೆಯವರು ಯಾರಾದರೂ ಧಾರೆಹುಳಿ (ನಕ್ಷತ್ರ ಹಣ್ಣು, ಸ್ಟಾರ್ ಫ್ರೂಟ್) ತಂದುಕೊಟ್ಟರೆ ಮುಟ್ಟಲೂ ಬಿಡಬೇಡಿ. ಕಿಡ್ನಿ ಹೋದವರ ಮಿದುಳಿಗೇ ಅದು ವಿಷ. ಇಷ್ಟೆಲ್ಲ ನಿಮ್ಮ ಡಾಕ್ಟರ ಹತ್ತಿರ ಒಂದು ಸಲ ಖಚಿತ ಮಾಡಿಕೊಳ್ಳಿ. ಎಷ್ಟು ನೀರು ಅಂತ ಅವರವರ ಮೈ ನೋಡಿಯೇ ಹೇಳುವುದು.

ಅತ್ತೆಗೆ ಬೇಡ ಅನ್ನುವ ಬದಲು ಕೆಲಸ ಕೊಡಿ. ಡಾಕ್ಟರು ಹೇಳಿದಷ್ಟು ನೀರನ್ನು ಬೆಳಿಗ್ಗೆ ಅಳೆದು ಒಂದು ಬಾಟಲಿಗೆ ತುಂಬುವುದು ಅವರ ಪಾಲಿಗಿರಲಿ. ತೀರ್ಥ ಕೊಟ್ಟರೆ ಅಷ್ಟನ್ನು ಬಾಟಲಿಯಿಂದ ಅವರೇ ಚೆಲ್ಲಲಿ. ನಮ್ಮ ಯೂನಿಟ್ಟಿಗೆ ಬರುವ ಒಬ್ಬ ಮುದುಕಿ ಹೀಗೆ ಮಾಡುತ್ತಾರೆ. ಮೈಯಲ್ಲಿ ಎಷ್ಟು ನೀರು ನಿಂತಿದೆ ಅಂತ ನಾವು ತೂಕ ನೋಡಿಯೇ ಹೇಳುವುದು. ಅವರ ಮಗನ ತೂಕದಷ್ಟು ಸರಿಯಾಗಿ ಇನ್ನೊಬ್ಬರದು ಬರುವುದಿಲ್ಲ.